ಗುರುತಿನ ಚೀಟಿಯ ಕಣ್ಣು

“ಈ ಕಣ್ಣು ಯಾರದು?”

ಕೌಂಟರಿನ ಮೇಲೆ ಫೋಟೋ ಇಟ್ಟು ಅವನು ಕೇಳಿದ್ದು ಅಷ್ಟೇ. ಜೋರು ಮಾಡಲಿಲ್ಲ. ಮಾಡಿದ್ದರೆ ಅವಳಿಗೆ ಸುಲಭವಾಗುತ್ತಿತ್ತು... ಕಾಲೇಜಿನ ಹುಡುಗರ ಜೋರು ಅವಳಿಗೆ ಅಭ್ಯಾಸ.

ಫೋಟೋ ಅವಳೇ ನಿನ್ನೆ ಕತ್ತರಿಸಿ ಕೊಟ್ಟದ್ದು. ಕಾಲೇಜಿನ ಗುರುತಿನ ಚೀಟಿಗೆ. ಅದೇ ಹುಡುಗ, ಅದೇ ಅಗಲ ಕೆನ್ನೆ, ಅದೇ ನೆಟ್ಟಗಿನ ಕೂದಲು. ಆದರೆ ಆ ಮುಖದ ಒಳಗಿನಿಂದ ಬೇರೆ ಯಾರೋ ಹೊರಗೆ ನೋಡುತ್ತಿದ್ದರು.

ಯಾರೆಂದು ಅವಳಿಗೆ ಗೊತ್ತಿತ್ತು.

“ನಿನ್ನದೇ,” ಅಂದಳು.

“ನಮ್ಮಜ್ಜಿ ಉಳಿದ ಐದು ಕಾಪಿಗಳನ್ನೂ ಬೋರಲು ಹಾಕಿಟ್ಟಿದ್ದಾರೆ. ನಮ್ಮ ಹುಡುಗನ ಮುಖದಲ್ಲಿ ಯಾವಳೋ ಕೂತಿದ್ದಾಳೆ ಅಂತಾರೆ.”

ಅವಳು ತಲೆ ತಗ್ಗಿಸಿ ಕತ್ತರಿ ಒರೆಸತೊಡಗಿದಳು. ಅವನು ಫೋಟೋ ಎತ್ತಿಕೊಂಡು ಹೊರಟುಹೋದ.

ಸ್ಟುಡಿಯೋ ಅವಳ ಸೋದರಮಾವನದು. ಹದಿನೇಳರ ಈ ಹುಡುಗಿ ಕ್ಲಾಸು ಮುಗಿಸಿ ಬಂದು ಕಂಪ್ಯೂಟರಿನಲ್ಲಿ ಮುಖಗಳನ್ನು ತಿದ್ದುತ್ತಿದ್ದಳು. ಬಂದವರು ಬಂದ ಹಾಗೇ ಹೋಗಬಾರದು ಅನ್ನುವುದು ಮಾವನ ನಿಯಮ. ಕಪ್ಪಗಿದ್ದರೆ ಎರಡು ಪಟ್ಟು ಬೆಳ್ಳಗೆ ಮಾಡು, ಮೂಗು ಚಪ್ಪಟೆ ಇದ್ದರೆ ಎತ್ತು. ಅಜ್ಜಂದಿರ ಕಾಲದಲ್ಲಿ ನದಿಯಾಚೆಯಿಂದ ಬಂದ ಜನರ ಕಣ್ಣು ಸಣ್ಣ, ಅದನ್ನು ಎಳೆದು ಹಿಗ್ಗಿಸಿದರೆ ಸೊಟ್ಟಗಾಗುತ್ತದೆ, ಅದೇ ಬೆಳಕಿನಲ್ಲಿ ತೆಗೆದ ಬೇರೆಯವರ ಕಣ್ಣು ತಂದು ಕೂರಿಸು. ಸಂಜೆಯೊಳಗೆ ಮೂಲ ಫೋಟೋ ಅಳಿಸಿಹಾಕು, ಯಾರೂ ಪಕ್ಕಪಕ್ಕ ಇಟ್ಟು ನೋಡಬಾರದು. ಮಾವ ಕೆಟ್ಟವರೇನಲ್ಲ. ಇದನ್ನೊಂದು ಪುಣ್ಯದ ಕೆಲಸ ಅಂತಲೇ ತಿಳಿದಿದ್ದರು!

ಮೊನ್ನೆ ಇನ್ನೂ ನಲವತ್ತು ಮುಖ ಬಾಕಿ ಇದ್ದವು. ಅದೇ ಬೆಳಕಿನಲ್ಲಿ ತೆಗೆದದ್ದು ಅಂತ ಕೈಗೆ ಸಿಕ್ಕಿದ್ದು ಅವಳದೇ ಫೋಟೋ. ಯೋಚಿಸದೆ ತನ್ನ ಕಣ್ಣು ತೆಗೆದು ಅವನಿಗೆ ಕೂರಿಸಿಬಿಟ್ಟಿದ್ದಳು.

ಕ್ಲಾಸಿನಲ್ಲಿ ಅವಳನ್ನು ‘ಮಸಿ’ ಅಂತಲೂ ಅವನನ್ನು ‘ನಿದ್ದೆಗಣ್ಣ’ ಅಂತಲೂ ಕರೆಯುತ್ತಿದ್ದರು. ಯಾರ ಜೊತೆ ಓಡಾಡಬಹುದು, ಯಾರ ಜೊತೆ ಬೇಡ ಅನ್ನುವುದೂ ಅಲ್ಲಿ ತೀರ್ಮಾನವಾಗಿತ್ತು. ಕಪ್ಪು ಹುಡುಗಿಯರು ಒರಟು, ಬಾಯಿ ಜೋರು. ನದಿಯಾಚೆಯ ಹುಡುಗರು ಲೆಕ್ಕದಲ್ಲಿ ಹುಷಾರು, ಪ್ರೀತಿಗೆ ಲಾಯಕ್ಕಿಲ್ಲ. ಹುಡುಗರು ಅವಳ ಹತ್ತಿರ ಬರುತ್ತಿದ್ದುದು ಬೆಳ್ಳಗಿನ ಗೆಳತಿಯ ನಂಬರ್ ಕೇಳುವುದಕ್ಕೆ. ಎರಡು ವರ್ಷದಿಂದ ಅವಳು ದನಿ ತಗ್ಗಿಸಿ, ತಗ್ಗಿಸಿ, ಈಗ ಅಮ್ಮನೇ ಏನಂದೆ ಅಂತ ಎರಡು ಸಲ ಕೇಳಬೇಕಿತ್ತು. ಅಂಥವಳು... ಅವನ ಮುಖಕ್ಕೆ ಇದನ್ನು ಮಾಡಿದ್ದಳು.

ಮೂರನೆಯ ದಿನ ಅವನು ಮತ್ತೆ ಬಂದ. ಕ್ಲಾಸಿನಲ್ಲಿ ಎಲ್ಲರ ಕಣ್ಣನ್ನೂ ನೋಡಿದೆ, ಯಾರದೂ ಅಲ್ಲ ಅಂದ. ಅವಳು ಅವನ ಹಿಂದಿನ ಬೆಂಚಿನವಳು. ಅವನು ತಿರುಗಿದಾಗಲೆಲ್ಲ ಪುಸ್ತಕದಲ್ಲಿ ಮುಖ ಹುದುಗಿಸಿದ್ದಳು.

“ಈಗ ಸಿಕ್ಕಿತು,” ಅಂದ. ಅವನ ಬೆರಳು ಅಂಗಡಿಯ ಗಾಜಿನ ಕಿಟಕಿಯ ಕಡೆ ಇತ್ತು.

ಅಲ್ಲಿ ಅವಳದೇ ದೊಡ್ಡ ಫೋಟೋ. ಮಾವ ಸ್ವಂತ ಕೈಯಿಂದ, ಅಕ್ಕರೆಯಿಂದ, ನಾಲ್ಕು ಪಟ್ಟು ಬೆಳ್ಳಗೆ ಮಾಡಿ ತೂಗುಹಾಕಿದ್ದು. ಗಿರಾಕಿಗಳು ಅವಳ ಎದುರೇ ನಿಂತು, ಆ ಹುಡುಗಿ ಯಾರಮ್ಮಾ, ಎಷ್ಟು ಲಕ್ಷಣವಾಗಿದ್ದಾಳೆ ಅನ್ನುತ್ತಿದ್ದರು. ಬಾಗಿಲು ಹಾಕುವಾಗ ಅವಳು ಆ ಕಡೆ ನೋಡುತ್ತಿರಲಿಲ್ಲ. ತಾನು ಮನೆಗೆ ಹೋದಮೇಲೆ ನಿಜವಾದವಳು ಅಂಗಡಿಯಲ್ಲೇ ಉಳಿಯುತ್ತಾಳೆ ಅನ್ನಿಸಿ ಮೈ ಜುಮ್ಮೆನ್ನುತ್ತಿತ್ತು.

“ಅವಳೆಲ್ಲಿ ಸಿಗ್ತಾಳೆ?”

*ಇವನಿಗೂ ಅವಳೇ ಬೇಕು...*

“ಅವಳು ಇಲ್ಲ,” ಅಂದಳು.

ಅವನ ಮುಖ ಬಿಳಿಚಿಕೊಂಡಿತು. “ಸತ್ತುಹೋದವಳ ಕಣ್ಣು ತಂದು ನಂಗೆ ಹಾಕಿದ್ದಾ?”

ಇಲ್ಲ ಅನ್ನಬೇಕಿತ್ತು. ಅನ್ನದೆ ಒಳಗಿನ ಕೋಣೆಗೆ ಹೋಗಿಬಿಟ್ಟಳು.

ಆಮೇಲೆ ಅವನು ಅಂಗಡಿಗೆ ಬರಲಿಲ್ಲ. ಕ್ಲಾಸಿನಲ್ಲೂ ಹಿಂದಕ್ಕೆ ತಿರುಗುತ್ತಿರಲಿಲ್ಲ. ಅವನ ಮುಖ ಕಾಲೇಜಿನ ಗೇಟಿನಲ್ಲಿ ಮಾತ್ರ ಕಾಣುತ್ತಿತ್ತು. ಕಾವಲಿನವನಿಗೆ ಚೀಟಿ ತೋರಿಸುವಾಗ ಫೋಟೋದ ಕಣ್ಣಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿಯುತ್ತಿದ್ದ. ಅವನು ಬೆರಳು ಒತ್ತಿದಾಗಲೆಲ್ಲ, ಹತ್ತು ಹೆಜ್ಜೆ ಹಿಂದೆ ನಿಂತವಳಿಗೆ ಕಣ್ಣು ಕತ್ತಲಾಗುತ್ತಿತ್ತು. ನಿಜವಾಗಿಯೂ. ರೆಪ್ಪೆಯ ಮೇಲೆ ಬೆಚ್ಚಗಿನ ಭಾರ. ಬೆರಳು ತೆಗೆದಮೇಲೆ ಬೆಳಕು.

ಹೀಗೆ ಮೂರು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಕಾವಲಿನವನು ಬೆರಳು ತೆಗೆ ಅಂದ. ಚೀಟಿ ನೋಡಿದ, ಹುಡುಗನನ್ನು ನೋಡಿದ. ಇದು ನೀನಲ್ಲ, ಪಕ್ಕಕ್ಕೆ ನಿಲ್ಲು ಅಂದ. ಒಳಹೋಗುವವರು ನಕ್ಕರು. ಒಬ್ಬ ಕಣ್ಣಿನ ಮೂಲೆ ಎಳೆದು ತೋರಿಸಿದ.

ಅವಳು ಸಾಲು ಬಿಟ್ಟು ಮುಂದೆ ಬಂದಳು. ನೆಟ್ಟಗೆ ಹೋಗಿ ಅವನ ಎದುರು ನಿಂತಳು. ಎಲ್ಲರೂ ನೋಡುತ್ತಿದ್ದರು.

“ಅವಳು ಸತ್ತಿಲ್ಲ. ನಾನೇ ಅವಳು. ನನ್ನ ಕಣ್ಣು ನೋಡು.”

ಅವನು ನೋಡಿದ. ಬಹಳ ಹೊತ್ತು ನೋಡಿದ. ಅವಳು ತಲೆ ತಗ್ಗಿಸಲಿಲ್ಲ.

“ಮತ್ತೆ ಇಲ್ಲ ಅಂದೆ?”

“ಆ ಫೋಟೋದಲ್ಲಿ ಕಣ್ಣು ಬಿಟ್ಟರೆ ಮತ್ತೇನೂ ನಂದಲ್ಲ.”

“ನನ್ನ ಹಳೇ ಫೋಟೋ ಎಲ್ಲಿ? ತಿದ್ದೋಕೆ ಮುಂಚಿನದು?”

“ಅಳಿಸಿಬಿಟ್ಟೆ,” ಅಂದಳು. “ನಿನ್ನ ಕೇಳ್ಲೇ ಇಲ್ಲ. ನನ್ನನ್ನೂ ಯಾರೂ ಕೇಳಿರಲಿಲ್ಲ, ಆದ್ರೂ ಮಾಡಿದೆ. ತಪ್ಪಾಯ್ತು.”

ಆ ದಿನ ಇಬ್ಬರೂ ಕ್ಲಾಸಿಗೆ ಹೋಗಲಿಲ್ಲ. ಸ್ಟುಡಿಯೋದಲ್ಲಿ ಅವನನ್ನು ಸ್ಟೂಲಿನ ಮೇಲೆ ಕೂರಿಸಿ ಮತ್ತೆ ತೆಗೆದಳು. ತಿದ್ದದೆ ಪ್ರಿಂಟಿಗೆ ಕೊಟ್ಟಾಗ ಮಾವ ಓಡಿಬಂದರು. ಇದನ್ನ ಹೀಗೇ ಕೊಟ್ಟರೆ ಅಂಗಡಿಯ ಮಾನ ಹೋಗುತ್ತೆ ಪುಟ್ಟಿ ಅಂದರು.

“ಹೀಗೇ ಕೊಡ್ತೀನಿ ಮಾವ. ಅವನ ಮುಖ ಅವನಿಗೆ.”

ಒಳಗಿನ ಕೋಣೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ್ದಳು. ಮಾವ ಕನ್ನಡಕ ತೆಗೆದು ಒರೆಸಿಕೊಂಡರು. ಅವಳನ್ನು ನೋಡಿದರು, ಕಿಟಕಿಯ ಫೋಟೋ ನೋಡಿದರು, ಒಳಗೆ ಹೋದರು.

ಅವನು ಕ್ಯಾಮೆರಾ ಕೇಳಿದ. ಅವಳು ಸ್ಟೂಲಿನ ತುದಿಯಲ್ಲಿ ಕೂತಳು. ತನ್ನ ನಿಜವಾದ ಬಣ್ಣದಲ್ಲಿ ಅವಳು ಒಂದು ಫೋಟೋದಲ್ಲೂ ಇರಲಿಲ್ಲ. ಕ್ಲಿಕ್ ಆದಮೇಲೂ ಪರದೆ ನೋಡಲು ಹೆದರಿ, ಗೋಡೆ ನೋಡುತ್ತಾ ಕೇಳಿದಳು.

“ಆ ಬೆಳ್ಳಗಿನವಳ ಮೇಲೆ ಆಸೆಪಟ್ಟು ಹುಡುಕ್ತಿದ್ದೆ ಅಲ್ವಾ?”

“ಬೈಯೋಕೆ ಅಂತ ಹುಡುಕ್ತಿದ್ದೆ,” ಅಂದ ಅವನು. “ಹುಡುಕ್ತಾ ಹುಡುಕ್ತಾ ಆ ಕಣ್ಣು ಇಷ್ಟ ಆಗೋಯ್ತು. ಅವಳಿಲ್ಲ ಅಂತ ನೀನು ಅಂದ ದಿನ ಮನೇಲಿ ಊಟ ಮಾಡ್ಲಿಲ್ಲ.”

ಅವಳು ತಿರುಗಿದಳು. ಅವನ ಕಿವಿ ಕೆಂಪಾಗಿತ್ತು.

“ಇವತ್ತು ಗೇಟಲ್ಲಿ ನೀನು ಬಂದು ನಿಂತಾಗ... ಅವಳೇ ಬದುಕಿ ಬಂದ ಹಾಗಾಯ್ತು. ಆ ಫೋಟೋದವಳಿಗಿಂತ ನೀನು ಚೆನ್ನಾಗಿದ್ದೀಯ. ಸುಳ್ಳಲ್ಲ.”

ಅವಳು ಅತ್ತಳು, ನಕ್ಕಳು, ಯಾವುದು ಮೊದಲೋ ಅವಳಿಗೇ ತಿಳಿಯಲಿಲ್ಲ.

“ನಾಳೆ ಗೇಟಿಂದ ಒಳಗೆ ನನ್ ಜೊತೆ ಬರ್ತೀಯಾ?” ಅಂದ.

“ಎಲ್ರೂ ನೋಡ್ತಾರೆ.”

“ನೋಡ್ಲಿ.”

“ಮಸಿ, ನಿದ್ದೆಗಣ್ಣ, ಒಳ್ಳೇ ಜೋಡಿ ಅಂತಾರೆ.”

“ಅನ್ಲಿ. ನೀನೇನಂತೀಯ?”

“ಒಳ್ಳೇ ಜೋಡಿ ಅಂತೀನಿ,” ಅಂದಳು.