ಕಲ್ಲಾಳುಗಳ ನೆರಳಲ್ಲಿ ಜೇನುಗೆಡ್ಡೆ

ಬಹಳ ಹಿಂದೆ, ಮೋಡಗಳೂ ಸುತ್ತುಬಳಸಿ ಹೋಗುತ್ತಿದ್ದ ಸುಡುಗಾವಲು ಎಂಬ ರಾಜ್ಯದಲ್ಲಿ ಗವಿರಾಯನೆಂಬ ಮಾಂತ್ರಿಕನಿದ್ದ. ಏನು ತಿಂದರೂ ಅವನ ನಾಲಗೆಗೆ ಕಹಿ. ಆ ಕಹಿಯಲ್ಲೇ ಅವನ ಮಂತ್ರದ ಬಲವಿತ್ತು. ಅವನು ಮಾತ್ರ ಅದು ಅಡುಗೆಯವರ ತಪ್ಪೆಂದು ನಂಬಿದ್ದ.

ಒಮ್ಮೆ ಹೊಲದ ಬದುವಿನ ಮೇಲೆ ಅಡುಗೆಯ ಕೆಂಚ ಅವನಿಗೆ ಪಾಯಸ ಬಡಿಸಿದ. ಗವಿರಾಯ ಉಗಿದ. ಕೆಂಚನ ಪಾದಗಳು ಕಲ್ಲಾದವು. ಕಲ್ಲು ಮೆಲ್ಲಗೆ ಮೇಲೇರತೊಡಗಿತು.

ಅವನ ಅಕ್ಕ ಮಾಳವ್ವ ಓಡಿ ಬಂದಳು. "ಇವನನ್ನು ಬಿಡಿಸೋಕೆ ಏನು ಮಾಡಬೇಕು?"

"ನನ್ನ ಸುಟ್ಟ ಹೊಲದಲ್ಲಿ ಜೇನುಗೆಡ್ಡೆ ಬೆಳೆ. ನನ್ನ ನಾಲಗೆಗೆ ಸಿಹಿಯಾಗಬೇಕು. ಕಲ್ಲು ನೆತ್ತಿ ಮುಟ್ಟುವುದರೊಳಗೆ. ತಪ್ಪಿದರೆ ನೀನೂ ಕಲ್ಲು."

ಹೊಲದ ತುಂಬ, ಮೊದಲೇ ಬಂದು ಸೋತು ಕಲ್ಲಾದ ರಾಜಕುಮಾರರು ನಿಂತಿದ್ದರು. ಎಲ್ಲರ ಕೈಯಲ್ಲೂ ಕತ್ತಿ. ಗೆಡ್ಡೆ ನೆಡಲು ಕತ್ತಿ ಯಾಕೆಂದು ಯಾರೂ ಕೇಳಿದಂತಿಲ್ಲ.

ಕಲ್ಲು ಕೆಂಚನ ಮೊಣಕಾಲಿಗೆ ಬಂದಾಗ ಮಾಳವ್ವ, ಜೇನುಗೆಡ್ಡೆ ಕಾಯುವ ಮೂರು ಹೆಡೆಯ ಸರ್ಪದ ಗವಿ ಸೇರಿದ್ದಳು. ಅಲ್ಲಿ ದಪ್ಪ ಗೆಡ್ಡೆಗಳ ರಾಶಿ. ಪಕ್ಕದಲ್ಲಿ ಗಂಟುಗಂಟಾದ ಬುಡಗಳು.

"ಒಂದೇ ಒಂದು ತಗೋ," ಎಂದಿತು ಸರ್ಪ.

ಅವಳು ದಪ್ಪ ಗೆಡ್ಡೆಗೆ ಕೈಯಿಟ್ಟಳು. ಮೂರೂ ಹೆಡೆಗಳು ನಕ್ಕವು.

"ಯಾಕೆ ನಗ್ತೀಯ?"

"ರಾಜಕುಮಾರರೂ ಅದನ್ನೇ ಒಯ್ದರು."

ತಿರುಗಿಸಿ ನೋಡಿದಳು. ಒಂದು ಮೊಳಕೆಯೂ ಇಲ್ಲ. ಗಂಟು ಬುಡದಲ್ಲಿ ಕೆಂಪು ಮೊಗ್ಗುಗಳಿದ್ದವು. ಅದನ್ನೇ ತಂದು, ಮುರಿದು, ತುಂಡುಗಳನ್ನು ನೆಟ್ಟಳು.

ಕಲ್ಲು ಸೊಂಟಕ್ಕೆ ಬಂದಾಗ ಚಿಗುರುಗಳು ಬಿಸಿಲಿಗೆ ಸೀಯತೊಡಗಿದವು.

"ಅಕ್ಕಾ, ಆ ದೊರೆಮಕ್ಕಳ ಹಿಂದೆ ನೆಡೇ," ಎಂದ ಕೆಂಚ. "ಸುಮ್ಮನೆ ನಿಂತು ಏನು ಮಾಡ್ತಾರೆ?"

ಉಳಿದ ಸಸಿಗಳನ್ನು ಕಿತ್ತು ಅವರ ನೆರಳಿಗೆ ನೆಟ್ಟಳು. ಗವಿಯ ಒರತೆಯಿಂದ ನೀರು ಹೊತ್ತಳು. ಗಿಡ ಎದೆಯುದ್ದ ಬೆಳೆದು ಹಳದಿ ಹೂ ಬಿಟ್ಟಿತು.

ಕಲ್ಲು ಎದೆಗೇರಿದಾಗ ಒಂದು ಗೆಡ್ಡೆ ಅಗೆದು ಕಚ್ಚಿದಳು. ಬರೀ ನೀರು. ಸಿಟ್ಟಿನಿಂದ ಬಂಡೆಯ ಮೇಲೆ ಎಸೆದಳು.

ಕಲ್ಲು ಕುತ್ತಿಗೆಗೆ ಬಂತು. "ಹಸಿವಾಗ್ತಿದೆ ಅಕ್ಕಾ," ಎಂದ ಕೆಂಚ. ಬೇರೇನೂ ಇರಲಿಲ್ಲ. ಬಂಡೆಯ ಮೇಲೆ ಸುಕ್ಕುಗಟ್ಟಿದ್ದ ಗೆಡ್ಡೆಯನ್ನೇ ಅವನ ಬಾಯಿಗಿಟ್ಟಳು.

"ಬೆಲ್ಲ! ಅಕ್ಕಾ, ಬೆಲ್ಲ ಕಣೇ!"

ಅವಳು ಇಡೀ ಬೆಳೆ ಅಗೆದು ಬಂಡೆಯ ಮೇಲೆ ಹರಡಿದಳು. ಅಷ್ಟರಲ್ಲಿ ಗವಿರಾಯ ಬಂದ.

"ಕೊಡು."

"ಬಾಡಬೇಕು."

"ತಮ್ಮನ ಗದ್ದ ನೋಡು. ಕಲ್ಲು."

"ನೋಡಿದೆ. ಬಾಡಬೇಕು."

ಅವಳು ಗೆಡ್ಡೆಗಳಿಗೆ ಅಡ್ಡಲಾಗಿ ಕೂತಳು. ಕಲ್ಲು ಕೆಂಚನ ತುಟಿ ಮುಚ್ಚಿತು. ಗವಿರಾಯನಿಗೆ ರೇಗಿತು. ಅವಳನ್ನು ಸುಟ್ಟು ಏಳಿಸಲೆಂದು ಸೂರ್ಯನನ್ನೇ ಬಂಡೆಯ ಹತ್ತಿರಕ್ಕೆಳೆದ. ಅವಳ ಸೆರಗಿನಂಚು ಕರಕಲಾಯಿತು. ಗೆಡ್ಡೆಗಳು ಮುದುಡಿದವು.

ಕಲ್ಲು ಕೆಂಚನ ಕಣ್ಣು ಮುಚ್ಚುತ್ತಿತ್ತು. ಅವಳು ಎದ್ದಳು. "ಈಗ ತಿನ್ನಿ."

ಗವಿರಾಯ ಕಚ್ಚಿದ, ಜಗಿದ. ಬಹಳ ಹೊತ್ತು ನುಂಗಲಿಲ್ಲ. ನಾಲಗೆಯ ಕಹಿ ಹೋಯಿತು. ಅದರೊಂದಿಗೆ ಮಂತ್ರವೂ ಹೋಯಿತು. ಸೂರ್ಯ ಮೇಲಕ್ಕೆ ಹಾರಿದ. ಕೆಂಚ ಉಸಿರೆಳೆದ. ರಾಜಕುಮಾರರು ಮೈ ಮುರಿದು, ಕತ್ತಿ ಹಿಡಿದು ಹೊರಟರು.

"ಎಲ್ಲಿಗೆ?" ಎಂದಳು ಮಾಳವ್ವ. "ಮುಂದಿನ ಬೆಳೆಗೆ ನೆರಳು ಬೇಡ್ವಾ? ನಿಂತ್ಕೊಳ್ಳಿ."

ಅಂದಿನಿಂದ ಸುಡುಗಾವಲಿನಲ್ಲಿ ಬೇಸಿಗೆ ಬಂದರೆ ರಾಜಕುಮಾರರು ಸರದಿಯ ಮೇಲೆ ಹೊಲದಲ್ಲಿ ನಿಲ್ಲುತ್ತಾರೆ. ಗವಿರಾಯ ಎತ್ತರದ ಆಳು. ಅವನೊಬ್ಬನ ನೆರಳೇ ಎರಡು ಸಾಲಿಗಾಗುತ್ತದೆ. ಎಲ್ಲರೂ ಸುಖವಾಗಿದ್ದಾರೆ, ಆ ದಿನ ಸರದಿ ಬಂದವರನ್ನು ಬಿಟ್ಟು.