ಗೋಡೆ ಕಡೆಯ ಗೀರು

ಆ ಭಾನುವಾರ ಬೆಳಿಗ್ಗೆ ನೆವೆನಾ ಇಪ್ಪತ್ತು ಕಿಲೋ ಕೆಂಪು ದೊಣ್ಣೆಮೆಣಸಿನಕಾಯಿ ಎದುರಿಗಿಟ್ಟುಕೊಂಡು ಬಾಲ್ಕನಿಯಲ್ಲಿ ಕೂತಿದ್ದಳು. ಸೆಪ್ಟೆಂಬರ್ ಬಂತೆಂದರೆ ಲೋಮ್ ಪಟ್ಟಣದ ಎಲ್ಲರ ಮನೆಯಲ್ಲೂ ಇದೇ ಕೆಲಸ. ಸುಡಬೇಕು, ಸಿಪ್ಪೆ ಸುಲಿಯಬೇಕು, ಚಳಿಗಾಲಕ್ಕೆಂದು ಶೀಶೆಗೆ ತುಂಬಬೇಕು.

ಸುಟ್ಟ ಮೆಣಸಿನ ಘಾಟಿನ ನಡುವೆ ಇವತ್ತು ಇನ್ನೊಂದು ವಾಸನೆ ಮೂಗಿಗೆ ಬಡಿಯಿತು.

ಬಣ್ಣಕ್ಕೆ ಬೆರೆಸುವ ಥಿನ್ನರ್...

"ನೆವೆನಾ," ಪಕ್ಕದ ಬಾಲ್ಕನಿಯಿಂದ ವಾಸ್ಕಕ್ಕ ಪಿಸುಗುಟ್ಟಿದಳು. ವಾಸ್ಕಕ್ಕನ ಪಿಸುಮಾತು ಮೂರು ಮಹಡಿಗೆ ಕೇಳುತ್ತದೆ. "ನಿನ್ನ ಕಾರಿನ ಹತ್ರ ಯಾರೋ ಕುಕ್ಕರುಗಾಲಲ್ಲಿ ಕೂತಿದ್ದಾರೆ ನೋಡು."

ನೆವೆನಾ ಕೈ ಕೂಡ ಒರೆಸಿಕೊಳ್ಳದೆ ಮೆಟ್ಟಿಲಿಳಿದು ಓಡಿದಳು.

ಕಟ್ಟಡದ ಹಿಂದೆ, ಗ್ಯಾರೇಜುಗಳ ಗೋಡೆಗೆ ಆತುಕೊಂಡಂತೆ ಅವಳ ಹಳೆಯ ಕೆಂಪು ಕಾರು ನಿಂತಿತ್ತು. ಅವಳ ಅಪ್ಪ ಬಿಟ್ಟುಹೋದ ಕಾರು. ಅದಕ್ಕೂ ಗೋಡೆಗೂ ನಡುವಿನ ಇಕ್ಕಟ್ಟಿನಿಂದ ಒಬ್ಬ ತೆಳ್ಳಗಿನ ಮನುಷ್ಯ ನಿಧಾನವಾಗಿ ಎದ್ದು ನಿಂತ.

ಸ್ತಾಮೆನ್. ವಸಂತದಲ್ಲಿ ಕೆಳಮನೆಗೆ ಬಾಡಿಗೆಗೆ ಬಂದವನು. ಕೃತಕ ಹಲ್ಲು ತಯಾರಿಸುವುದು ಅವನ ಕಸುಬು. ಆರು ತಿಂಗಳಲ್ಲಿ ಇಬ್ಬರ ನಡುವೆ ನಮಸ್ಕಾರದಾಚೆ ಒಂದು ಮಾತೂ ಆಗಿರಲಿಲ್ಲ.

"ಏನ್ ಮಾಡ್ತಿದ್ದೀರಿ ಇಲ್ಲಿ?"

"ನೋಡ್ತಿದ್ದೆ."

"ಏನನ್ನ?"

"ಬಣ್ಣನ. ಇಂಥ ಕೆಂಪು ಈಗ ಬರಲ್ಲ."

"ಹಲ್ಲು ಮಾಡೋರಿಗೆ ಕೆಂಪು ಬಣ್ಣ ಯಾಕ್ರೀ?"

"ವಸಡಿಗೆ ಬೇಕಾಗುತ್ತೆ," ಎಂದ ಅವನು, ಗಂಭೀರವಾಗಿಯೇ. ಆದರೆ ಅವನ ಕಣ್ಣು ಅವಳ ಮೂಗಿನ ಮೇಲೆ ನೆಟ್ಟಿತ್ತು. ಅಲ್ಲಿ ಮೆಣಸಿನ ಮಸಿ ಹತ್ತಿದೆಯೆಂದು ಅವಳಿಗೇನು ಗೊತ್ತು?

ಎಷ್ಟು ಧೈರ್ಯ ಇವನಿಗೆ! ಎದೆ ಯಾಕೋ ಡವಡವ ಎಂದಿತು. ಸಿಟ್ಟಿಗೇ ಇರಬೇಕು ಎಂದುಕೊಂಡಳು. ಅನುಮತಿ ಕೇಳುವ ಅಭ್ಯಾಸ ಇಲ್ಲವೇ, ಪೊಲೀಸರನ್ನು ಕರೆಯಲೇ, ಹೀಗೆ ಬಾಯಿಗೆ ಬಂದದ್ದೆಲ್ಲ ಅಂದಳು. ಅವನು ಮಳೆಗೆ ನಿಂತವನಂತೆ ಸುಮ್ಮನೆ ಕೇಳಿಸಿಕೊಂಡ.

"ನೆವೆನಾ, ನಿನ್ನ ಮೆಣಸಿನಕಾಯಿ ಸೀದು ಹೋಗ್ತಿದೆ," ಮೇಲಿನಿಂದ ವಾಸ್ಕಕ್ಕ ಕೂಗಿದಳು.

ತಿರುಗಿ ಓಡುವಾಗ ನೆವೆನಾಳ ಕಣ್ಣಿಗೆ ಅದು ಬಿತ್ತು. ಕಾರಿನ ಈಚೆ ಬದಿಯಲ್ಲಿ, ಪೆಟ್ರೋಲ್ ಹಾಕುವ ಬಾಯಿಯ ಮೇಲಿರುವ ಅಂಗೈಯಗಲದ ಕೆಂಪು ಮುಚ್ಚಳ ಇರಲಿಲ್ಲ. ಸ್ತಾಮೆನ್‌ನ ಕೋಟಿನ ಜೇಬು ಮಾತ್ರ ಉಬ್ಬಿತ್ತು.

ಪೆಟ್ರೋಲ್ ಕಳ್ಳ...

*

ಅವನ ಬಾಗಿಲು ತಟ್ಟಿ ಕೇಳಬಹುದಿತ್ತು. ನೆವೆನಾ ಕೇಳಲಿಲ್ಲ.

ಕೇಳಿದರೆ ಸುಳ್ಳು ಬರುತ್ತದೆ. ಕೈಯಾರೆ ಹಿಡಿದರೆ ಮಾತ್ರ ನಿಜ ಹೊರಬೀಳುತ್ತದೆ. ಮಗಳು ಬಿಲಿಯ ಅಪ್ಪನ ಜೊತೆ ಒಂಬತ್ತು ವರ್ಷ ಬಾಳಿ ಅವಳು ಕಲಿತದ್ದು ಅಷ್ಟೇ. ಮೂರು ವರ್ಷದ ಹಿಂದೆ ಅವನ ಎರಡು ಪೆಟ್ಟಿಗೆಗಳನ್ನು ಬಾಗಿಲಾಚೆ ಇಟ್ಟು ಅವಳೇ ಹೇಳಿದ್ದಳು: "ಸುಳ್ಳು ಹೇಳೋರ ಜೊತೆ ಒಂದೇ ಮನೇಲಿ ಇರಕ್ಕೆ ನನ್ನಿಂದಾಗಲ್ಲ." ಆಗ ಐದು ವರ್ಷದ ಬಿಲಿ, ನೇತುಹಾಕಿದ ಕೋಟುಗಳ ಹಿಂದೆ ಅವಿತು ನಿಂತಿದ್ದಳು.

ಮರುದಿನ ಅಂಚೆ ಕಚೇರಿಯ ಕೆಲಸಕ್ಕೆ ಹೊರಟಾಗ ನೋಡಿದರೆ ಮುಚ್ಚಳ ತನ್ನ ಜಾಗದಲ್ಲಿ ಭದ್ರವಾಗಿ ಕೂತಿತ್ತು. ಕಾರಿನೊಳಗೆ ಕೂತು ಕೀಲಿ ತಿರುಗಿಸಿದಳು. ಪೆಟ್ರೋಲ್ ಮುಳ್ಳು ಇದ್ದಲ್ಲೇ ಇತ್ತು.

ತಿರುಗಿ ತಂದಿಡುವ ಕಳ್ಳ ಎಂಥ ಕಳ್ಳ?

ಬುಧವಾರ ಮುಚ್ಚಳ ಮತ್ತೆ ಮಾಯವಾಯಿತು. ಗುರುವಾರ ಮತ್ತೆ ಬಂತು.

"ಏನೋ ಪತ್ತೆ ಹಚ್ಚೋ ಯಂತ್ರ ಇಡ್ತಿದಾನೆ ಕಣೇ," ಎಂದಳು ವಾಸ್ಕಕ್ಕ. "ನೀನೆಲ್ಲೆಲ್ಲಿ ಹೋಗ್ತೀಯ ಅಂತ ತಿಳ್ಕೊಳ್ಳೋಕೆ."

"ಅಂಚೆ ಕಚೇರಿಗೆ ನಡ್ಕೊಂಡು ಹೋಗ್ತೀನಿ, ವಾಪಸ್ ನಡ್ಕೊಂಡು ಬರ್ತೀನಿ. ಇದಕ್ಕೆ ಯಂತ್ರ ಬೇರೆ ಬೇಕಾ?"

ನಕ್ಕಳು ನಿಜ. ಆದರೆ ಆ ಸಂಜೆ ಬಿಲಿಯ ಸ್ವೆಟರ್ ಒಗೆಯಲು ಹಾಕುವಾಗ ಅವಳ ನಗು ಆರಿಹೋಯಿತು. ಅದರ ತೋಳಿನಂಚಿಗೆ ಕೆಂಪು ಬಣ್ಣ ಹತ್ತಿತ್ತು. ಮೂಗಿನ ಹತ್ತಿರ ಹಿಡಿದಳು. ಥಿನ್ನರ್.

"ಬಿಲಿ, ಇದೇನು?"

"ಸ್ಕೂಲಲ್ಲಿ... ಚಿತ್ರ ಬರೆದ್ವಿ."

ಮಗಳು ಕಣ್ಣೆತ್ತಿ ನೋಡಲಿಲ್ಲ. ಊಟದ ಹೊತ್ತಿಗೆ ಏನೋ ಕೇಳಲೆಂದು ಬಾಯಿ ತೆರೆದಳು, ಚಮಚ ಬಾಯಿಗಿಟ್ಟು ಮುಚ್ಚಿಕೊಂಡಳು. ಮಲಗುವಾಗ ಮತ್ತೆ, "ಅಮ್ಮ..." ಎಂದಳು.

"ಏನು ಪುಟ್ಟಿ?"

"ಏನಿಲ್ಲ."

ಶುಕ್ರವಾರ ನೆವೆನಾ ಕೆಲಸ ಮುಗಿಸಿ ಬಂದಾಗ ಮೆಟ್ಟಿಲ ಬಳಿ ಸ್ತಾಮೆನ್ ಬಿಲಿಯ ಮುಂದೆ ಬಗ್ಗಿ ಏನೋ ಹೇಳುತ್ತಿದ್ದ. ಅವಳ ಹೆಜ್ಜೆ ಸಪ್ಪಳ ಕೇಳಿದೊಡನೆ ಇಬ್ಬರೂ ಸುಮ್ಮನಾದರು.

ಪೆಟ್ರೋಲ್ ಹೋದರೆ ಹೋಗಲಿ. ಮಗಳು ಸುಳ್ಳು ಕಲಿಯುತ್ತಿದ್ದಾಳಲ್ಲ... ಒಬ್ಬ ಗಂಡಸಿನ ಜೊತೆ ಸೇರಿ.

*

ಶನಿವಾರ ಕಾಫಿಯನ್ನೂ ಕುಡಿಯದೆ, ಚಪ್ಪಲಿ ಕೈಯಲ್ಲಿ ಹಿಡಿದು ಅವಳು ಕೆಳಗಿಳಿದಳು. ಬಿಲಿಯ ಹಾಸಿಗೆ ಖಾಲಿಯಾಗಿತ್ತು.

ಗೋಡೆ ಮತ್ತು ಕಾರಿನ ನಡುವೆ ಇಣುಕಿದಳು.

ಸ್ತಾಮೆನ್ ನೆಲದ ಮೇಲೆ ಕೂತು, ನಾಲ್ಕೇ ಕೂದಲಿನಷ್ಟು ತೆಳುವಾದ ಕುಂಚ ಹಿಡಿದಿದ್ದ. ಹಲ್ಲುಗಳಿಗೆ ಬಣ್ಣ ಹಚ್ಚುವ ಕುಂಚ. ಎದುರಿಗೆ ಬಿಲಿ, ಕೆಂಪು ಮುಚ್ಚಳವನ್ನು ಕಾರಿನ ಬಾಗಿಲಿನ ಪಕ್ಕ ಎತ್ತಿ ಹಿಡಿದು ಎರಡನ್ನೂ ಹೋಲಿಸುತ್ತಿದ್ದಳು.

"ಎಂಟು ವರ್ಷದ ಮಗು ಜೊತೆ ನನಗೆ ಗೊತ್ತಿಲ್ಲದ ಗುಟ್ಟೇನ್ರೀ ನಿಮ್ಮದು?"

ಮುಚ್ಚಳ ಬಿಲಿಯ ಕೈಯಿಂದ ಜಾರಿತು. ಸ್ತಾಮೆನ್ ಕುಂಚ ಕೆಳಗಿಟ್ಟು ಎದ್ದ.

"ನೀವು ಬೈಯೋದು ನ್ಯಾಯ. ಅವತ್ತೇ ನಿಮಗೆ ಹೇಳ್ಬೇಕಿತ್ತು. ತಪ್ಪಾಯ್ತು."

"ಏನ್ ಹೇಳ್ಬೇಕಿತ್ತು?"

ಅವನು ಬಿಲಿಯತ್ತ ನೋಡಿದ. "ಬಣ್ಣ ಹಚ್ಚೋದು ನಂದು, ಅಮ್ಮಂಗೆ ಹೇಳೋದು ನಿಂದು ಅಂತ ಮಾತಾಗಿತ್ತಲ್ಲ ಪುಟ್ಟಿ? ನಿನ್ನೆ ಮೆಟ್ಟಿಲ ಹತ್ರನೂ ಅದನ್ನೇ ಹೇಳಿದೆ."

ಬಿಲಿ ಬಿದ್ದ ಮುಚ್ಚಳವನ್ನು ಎತ್ತಿಕೊಂಡಳು. "ಸೈಕಲ್... ಇಲ್ಲಿ ತೂರಿಸಕ್ಕೆ ಹೋದೆ. ಹ್ಯಾಂಡಲ್ ತಾಗಿ ಗೀರಿತು. ತುಂಬ ಉದ್ದಕ್ಕೆ."

"ಎಲ್ಲಿ?"

"ಇಲ್ಲಿಂದ... ಇಲ್ಲಿವರೆಗೆ. ಇವರು ನೋಡಿ, ಸರಿ ಮಾಡ್ತೀನಿ ಅಂದ್ರು."

ನೆವೆನಾ ಬಗ್ಗಿ ನೋಡಿದಳು. ಬಾಗಿಲ ಹಿಡಿಕೆಯ ಕೆಳಗೆ ಅಂಗುಲದಷ್ಟು ಜಾಗದಲ್ಲಿ ಬಣ್ಣ ಇನ್ನೂ ಹಸಿಯಾಗಿತ್ತು. ಉಳಿದೆಡೆ ಎಷ್ಟು ಹುಡುಕಿದರೂ ಗೀರು ಸಿಗಲಿಲ್ಲ. ಬಿಸಿಲಿಗೆ ಮಂಕಾದ ಅದೇ ಹಳೆಯ ಕೆಂಪು, ಅಪ್ಪನ ಕಾಲದಿಂದ ಅವಳು ಕಂಡ ಕೆಂಪು.

"ಅಂಗಡೀಲಿ ಹೊಸ ಕಾರಿನ ಬಣ್ಣ ಕೊಡ್ತಾರೆ," ಸ್ತಾಮೆನ್ ಮೆಲ್ಲನೆ ಹೇಳಿದ. "ಇದು ಹದಿನಾರು ವರ್ಷ ಬಿಸಿಲು ತಿಂದ ಕಾರು. ಹೊಸದನ್ನ ಬಳಿದ್ರೆ ಗಾಯದ ಥರ ಕಾಣುತ್ತೆ. ಅದಕ್ಕೇ ಮುಚ್ಚಳ ತಗೊಂಡು ಹೋಗಿ, ಕಿಟಕಿ ಬೆಳಕಲ್ಲಿಟ್ಟು, ಬಣ್ಣ ಕಲಸಿದೆ. ಹಲ್ಲಿಗೂ ಹಾಗೇ ಮಾಡೋದು. ಪಕ್ಕದ ಹಲ್ಲು ಎಷ್ಟು ಹಳೇದೋ, ಹೊಸದೂ ಅಷ್ಟೇ ಹಳೇದಾಗಿ ಕಾಣ್ಬೇಕು."

"ಒಂದು ಗೀರಿಗೆ ಇಷ್ಟು ದಿನ ಬೇಕಾ?" ಅವಳ ಅನುಮಾನ ಇನ್ನೂ ಸತ್ತಿರಲಿಲ್ಲ.

"ಅದನ್ನೇ ಅಂದ್ಕೊಂಡೆ," ಬಾಲ್ಕನಿಯಿಂದ ದನಿ ಬಂತು. "ನಮ್ಮನೆಯವ್ರು ಇಡೀ ಕಾರಿಗೆ ಒಂದೇ ಭಾನುವಾರದಲ್ಲಿ ಬಣ್ಣ ಬಳಿದಿದ್ರು."

"ಅದಕ್ಕೇ ವಾಸ್ಕಕ್ಕ, ಅದು ಟ್ರ್ಯಾಕ್ಟರ್ ಥರ ಇತ್ತು. ನೀವು ಒಳಗೆ ಹೋಗಿ," ನೆವೆನಾ ಅಂದಳು.

ಸ್ತಾಮೆನ್ ನಗಲಿಲ್ಲ. ಕೈಗಂಟಿದ ಬಣ್ಣವನ್ನು ಉಗುರಿನಿಂದ ಕೆರೆಯುತ್ತ ನಿಂತ.

"ಅಷ್ಟು ದಿನ ಬೇಕಿಲ್ಲ," ಎಂದ. "ಸ್ಯಾಂಡ್‌ಪೇಪರ್ ಉಜ್ಜಿ, ಪ್ರೈಮರ್ ಹಚ್ಚಿ, ಒಣಗಿಸಿ, ಬಣ್ಣ ಹಚ್ಚೋಕೆ ಮೂರು ದಿನ ಸಾಕು. ಸೋಮವಾರನೇ ಬಣ್ಣ ಹೊಂದಿಕೆ ಆಗಿತ್ತು. ಬುಧವಾರ ಮುಚ್ಚಳ ಬಿಚ್ಚೋಕೆ ಕಾರಣನೇ ಇರ್ಲಿಲ್ಲ."

"ಮತ್ತೆ ಯಾಕೆ ಬಿಚ್ಚಿದ್ರಿ?"

"ನೀವು ಮತ್ತೆ ಬಂದು ಬೈತೀರೇನೋ ಅಂತ."

ನೆವೆನಾ ಕೇಳಿದ್ದು ಸರಿಯೋ ಎಂಬಂತೆ ಅವನನ್ನೇ ನೋಡಿದಳು.

"ಮೂಗಿಗೆ ಮಸಿ ಬಳ್ಕೊಂಡು ಬಂದು ಅವತ್ತು ಅಷ್ಟು ಹೊತ್ತು ಬೈದ್ರಲ್ಲ... ಈ ಊರಿಗೆ ಬಂದ ಮೇಲೆ ನನ್ನ ಹತ್ರ ಅಷ್ಟು ಮಾತು ಯಾರೂ ಆಡಿರ್ಲಿಲ್ಲ. ಬಣ್ಣ ಇನ್ನೂ ಹೊಂದಿಲ್ಲ ಅಂತ ಬಿಲಿಗೆ ಸುಳ್ಳು ಹೇಳಿದೆ. ಮುಗಿದುಹೋದ್ರೆ ನಿಮ್ಮನ್ನ ನೋಡೋಕೆ ಬೇರೆ ನೆಪ ಇರ್ಲಿಲ್ಲ ನನ್ನ ಹತ್ರ."

ಮೇಲೆ ಎಲ್ಲೋ ಒಂದು ಕಿಟಕಿ ತೆರೆದುಕೊಂಡಿತು. ಯಾರದೋ ಮನೆಯ ಮೆಣಸಿನ ಹೊಗೆ ತೇಲಿಬಂತು.

ಒಂಬತ್ತು ವರ್ಷ ಅವಳು ಜೇಬು ತಡಕಿ, ಫೋನ್ ತೆರೆದು, ರಸೀದಿ ಹುಡುಕಿ ಸುಳ್ಳುಗಳನ್ನು ಹಿಡಿದಿದ್ದಳು. ಯಾರೂ ಹಿಡಿಯುವ ಮೊದಲೇ ತಾನಾಗಿ ಮುಂದೆ ಬಂದು ನಿಂತ ಸುಳ್ಳನ್ನು ಕಂಡದ್ದು ಇದೇ ಮೊದಲು.

"ಇನ್ನೊಂದು ಸಲ," ಎಂದಳು ಕೊನೆಗೆ, "ಮಗು ಹತ್ರ ಏನಿದ್ರೂ ಮೊದಲು ನನಗೆ ಹೇಳ್ಬೇಕು."

"ಹೇಳ್ತೀನಿ."

"ನೆಪ ಬೇಕಿದ್ರೆ... ಇವತ್ತು ಇನ್ನೊಂದು ಚೀಲ ಮೆಣಸಿನಕಾಯಿ ಬರುತ್ತೆ. ಸಿಪ್ಪೆ ಸುಲಿಯೋಕೆ ಬರುತ್ತಾ ನಿಮಗೆ?"

"ಬರಲ್ಲ," ಎಂದ. ಆಮೇಲೆ ಮೊದಲ ಸಲ ನಕ್ಕ. "ಇದು ನಿಜ."

"ಮೂಗಿಗೆ ಮಸಿ ಆಗುತ್ತೆ."

"ಆಗ್ಲಿ. ನಿಮ್ಮ ಪಕ್ಕ ಹೊಂದಿಕೆ ಆಗುತ್ತೆ."

ನೆವೆನಾ ನಗು ಅಡಗಿಸಿಕೊಂಡು ಮೆಟ್ಟಿಲ ಕಡೆ ತಿರುಗಿದಳು. ನಾಲ್ಕು ಹೆಜ್ಜೆ ಇಟ್ಟ ಮೇಲೆ ಹಿಂದೆ ಒಬ್ಬರ ಕಾಲಸಪ್ಪಳ ಮಾತ್ರ ಕೇಳಿಸಿತು.

ಬಿಲಿ ಅಲ್ಲೇ ನಿಂತಿದ್ದಳು. ಗೋಡೆಗೆ ಒರಗಿ, ಮುಚ್ಚಳವನ್ನು ಎದೆಗೊತ್ತಿಕೊಂಡು.

"ಬಾ ಪುಟ್ಟಿ. ತಿಂಡಿ ತಿನ್ನೋಣ."

ಬಿಲಿ ಬರಲಿಲ್ಲ. ನೆವೆನಾ ವಾಪಸ್ ಹೋಗಿ, ಆ ಇಕ್ಕಟ್ಟಿನಲ್ಲೇ ಮಂಡಿಯೂರಿ ಕೂತು, ಬಣ್ಣ ಹತ್ತಿದ ಆ ಪುಟ್ಟ ಕೈಗಳನ್ನು ಮುಚ್ಚಳದ ಸಮೇತ ತನ್ನ ಕೈಯೊಳಗೆ ತೆಗೆದುಕೊಂಡಳು. ಬೆರಳುಗಳು ಐಸಿನ ಹಾಗೆ ತಣ್ಣಗಿದ್ದವು. ಅವನ್ನು ಬಾಯಿಯ ಹತ್ತಿರ ತಂದು ಬೆಚ್ಚಗಾಗುವಂತೆ ಊದಿದಳು.

ವಾರವಿಡೀ ಮಗಳು ನುಂಗಿಕೊಂಡಿದ್ದ ಮಾತು ಆಗ ಹೊರಬಂತು.

"ಅಮ್ಮ... ಸುಳ್ಳು ಹೇಳೋರ ಜೊತೆ ಒಂದೇ ಮನೇಲಿ ಇರಕ್ಕಾಗಲ್ಲ ಅಂತ ಅಪ್ಪಂಗೆ ಹೇಳಿದ್ದೆಯಲ್ಲ. ನಾನೂ ಸುಳ್ಳು ಹೇಳ್ದೆ. ಇವರೂ ಹೇಳಿದ್ರು. ಈಗ ನಾವಿಬ್ರೂ ಹೋಗ್ಬೇಕಾ?"