ಗೋಧಿ ಇಲ್ಲ, ಹೆದರದೆ ತಿನ್ನು

"ಆ ಕುರ್ಚೀಲಿ ಕೂತ್ಕೋಬೇಡಿ!"

ಬೆನ್ನ ಹಿಂದಿನಿಂದ ಬಂದ ದನಿಗೆ ಅವಳು ಬೆಚ್ಚಿಬಿದ್ದಳು. ಏನು ಮಾಡುವುದು, ಆಗಲೇ ಕೂತಾಗಿತ್ತು!

ಕೂತ ಮೇಲೆ ಇನ್ನೊಂದು ಸಂಗತಿ ಗೊತ್ತಾಯಿತು. ಕುರ್ಚಿ ಬೆಚ್ಚಗಿತ್ತು... ಈಗಷ್ಟೇ ಯಾರೋ ಎದ್ದು ಹೋದ ಹಾಗೆ.

ಅದು ಅವಳ ಕೆಲಸದ ಮೊದಲ ದಿನ. ದೊಡ್ಡ ಗ್ರಂಥಾಲಯವೊಂದರ ನೆಲಮಾಳಿಗೆಯಲ್ಲಿ, ಹರಿದ ಪುಸ್ತಕಗಳನ್ನು ಬಿಚ್ಚಿ ಹೊಲಿದು ಮತ್ತೆ ಕಟ್ಟುವ ಬೈಂಡಿಂಗ್ ಕೋಣೆ. ಕಿಟಕಿ ಇಲ್ಲ. ಹಗಲಲ್ಲೂ ದೀಪ ಉರಿಯಬೇಕು. ಮೂಲೆಯ ಆ ಮೇಜು ಖಾಲಿ ಇದೆ ಎಂದು ಮೇಸ್ತ್ರಿಯೇ ತೋರಿಸಿದ್ದರು.

ತಿರುಗಿ ನೋಡಿದಳು. ಎತ್ತರದ ಯುವಕ. ಕೈಯಲ್ಲಿ ಅಂಟಿನ ಬಕೆಟ್ಟು, ಮೊಣಕೈವರೆಗೂ ಬಿಳಿ ಹಿಟ್ಟು.

"ಯಾಕೆ ಕೂತ್ಕೋಬಾರದು?"

"ಅಲ್ಲಿ ಕೂತೋರಿಗೆ ಒಳ್ಳೇದಾಗಿಲ್ಲ," ಎಂದಷ್ಟೇ ಹೇಳಿ ಅವನು ಹೊರಟುಹೋದ.

ಅವಳು ಕುರ್ಚಿಯ ತುದಿಗೆ ಸರಿದಳು. ಆಮೇಲೆ ಕಣ್ಣಿಗೆ ಬಿತ್ತು, ಮೇಜಿನ ಮೇಲಿನ ಪುಟ್ಟ ಡಬ್ಬಿ. ಮುಚ್ಚಳದ ಮೇಲೆ ಹಳದಿ ತಿರುಗಿದ ಚೀಟಿ, ಗುಂಡು ಗುಂಡಾದ ಅಕ್ಷರ:

'ಗೋಧಿ ಇಲ್ಲ, ಹೆದರದೆ ತಿನ್ನು.'

ಚಾಚಿದ ಕೈಯನ್ನು ಹಿಂದಕ್ಕೆಳೆದಳು. ಗೋಧಿಯ ಗ್ಲುಟನ್ ತನ್ನ ಹೊಟ್ಟೆಗೆ ಆಗುವುದಿಲ್ಲವೆಂದು ಅವಳು ಇಲ್ಲಿ ಒಂದು ನರಪಿಳ್ಳೆಗೂ ಹೇಳಿರಲಿಲ್ಲ!

ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತು ಬಿಡಿ. 'ಒಂದು ಬಿಸ್ಕತ್ತು ತಿಂದ್ರೆ ಸತ್ತುಹೋಗ್ತೀಯಾ?' ಎಂದು ನಗುತ್ತಾರೆ. ನಗುವವರಿಗೇನು, ನರಳುವುದು ಇವಳಲ್ಲವೇ? ಅಂಗಡಿಗೆ ಹೋದರೆ ಪ್ರತಿ ಪೊಟ್ಟಣವನ್ನೂ ತಿರುಗಿಸಿ, ಇರುವೆಯಷ್ಟು ಸಣ್ಣ ಅಕ್ಷರಗಳನ್ನು ಓದಬೇಕು. ಸೂಪಿನ ಪುಡಿಯಲ್ಲೂ ಗೋಧಿ, ಖಾರದ ಚಿಪ್ಸಿನಲ್ಲೂ ಗೋಧಿ. ಕಾಳು ತಿಂದರೆ ಹೊಟ್ಟೆ ಉಬ್ಬರ, ಹಾಲು ಕುಡಿದರೆ ಇನ್ನೊಂದು ರಗಳೆ. ಕಡೆಗೆ ಬಾಳೆಹಣ್ಣು ಹಿಡಿದು ಮನೆಗೆ ಬರುತ್ತಿದ್ದಳು.

ಅಕ್ಕನ ಮನೆಯಲ್ಲಿ ಅವಳಿಗೆ ಬೇರೆ ಪಾತ್ರೆ, ಬೇರೆ ಚಮಚ. ಅಷ್ಟಾದರೂ ಮೈ ತೂಕ ಇಳಿಯುತ್ತಲೇ ಇತ್ತು. ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು: "ಕರುಳು ವಾಸಿಯಾಗಬೇಕು ಅಂದ್ರೆ ಒಂದು ಚೂರು ಗೋಧಿಯೂ ಒಳಗೆ ಹೋಗಬಾರದು."

"ಇನ್ನೊಂದು ಸಲ ನೀನು ಹಾಸಿಗೆ ಹಿಡಿದ್ರೆ ಕೆಲಸ ಬಿಡಿಸ್ತೀನಿ ನೋಡು," ಎಂದು ಅಕ್ಕ ಗದರಿಸಿದ್ದಳು. ಹೊಲಿಗೆ ಬಿಟ್ಟರೆ ಬೇರೆ ಕೆಲಸ ಅವಳಿಗೆ ಬಾರದು, ಬೇಡವೂ ಬೇಡ. ಮುರಿದ ಪುಸ್ತಕಕ್ಕೆ ಜೀವ ಬರುವ ಆ ಗಳಿಗೆಗಾಗಿಯೇ ಅವಳು ಬದುಕಿದ್ದಳು.

ಡಬ್ಬಿಗಳು ಬರುತ್ತಲೇ ಇದ್ದವು. ಬೇಯಿಸಿದ ಆಲೂಗಡ್ಡೆಯ ತುಂಡು, ಅಕ್ಕಿ ಹಿಟ್ಟಿನ ತೆಳು ಬಿಸ್ಕತ್ತು, ಅರಳಿಸಿದ ಜೋಳ. ಪ್ರತಿಸಲವೂ ಅದೇ ಚೀಟಿ, ಅದೇ ಗುಂಡು ಅಕ್ಷರ. ಪ್ರತಿ ಬೆಳಿಗ್ಗೆ ಕುರ್ಚಿ ಬೆಚ್ಚಗೆ!

ಒಂದು ವಾರ ಮುಟ್ಟಲಿಲ್ಲ. ಎಂಟನೇ ದಿನ ಹಸಿವು ಹೆದರಿಕೆಯನ್ನು ಗೆದ್ದಿತು. ಬಿಸ್ಕತ್ತು ಬಾಯಲ್ಲಿಟ್ಟರೆ ಕರಗಿಹೋಯಿತು. ಅವಳಿಗೆ ಅಳುವೇ ಬಂತು. ಇಷ್ಟು ಜತನದಿಂದ ಯಾರು ನನಗಾಗಿ ಮಾಡಿದ್ದು?

"ಏನಮ್ಮಾ ಸೂಜಿ, ಈ ಡಬ್ಬಿ ಯಾರದು?" ಎಂದು ಮೇಸ್ತ್ರಿಯೇ ಒಮ್ಮೆ ಕೇಳಿದರು. ಸಣಕಲು ಮೈಗೂ ಕೈಯ ಕೆಲಸಕ್ಕೂ ಒಪ್ಪುವಂತೆ ಅವಳಿಗೆ ಸೂಜಿ ಎಂದು ಹೆಸರಿಟ್ಟವರೂ ಅವರೇ. ಚೀಟಿ ನೋಡಿದ್ದೇ ತಡ, ಅವರ ಮುಖ ಸಪ್ಪಗಾಯಿತು. "ಹೂಂ... ತಿನ್ನು ತಿನ್ನು," ಎಂದು ಕನ್ನಡಕ ಒರೆಸುತ್ತಾ ಜಾರಿಕೊಂಡರು.

ಅಂಟಿನವನು ದಿನವೂ ಬಂದು ಬಟ್ಟಲಿಗೆ ಅಂಟು ಸುರಿದು ಹೋಗುತ್ತಿದ್ದ. ಮಾತಿಲ್ಲ. ಆದರೆ ಅವಳು ತಿನ್ನುವಾಗ ಬಾಗಿಲ ಸಂದಿಯಿಂದ ಎರಡು ಕಣ್ಣು ಅವಳನ್ನೇ ನೋಡುತ್ತಿದ್ದವು. ಆ ನೋಟಕ್ಕೆ ಮೈ ಜುಮ್ಮೆನ್ನುತ್ತಿತ್ತು. ಹೆದರಿಕೆಯೋ, ಮತ್ತೇನೋ... ಅವಳಿಗೇ ಬಗೆಹರಿಯಲಿಲ್ಲ.

ಮೂರನೇ ವಾರಕ್ಕೆ ಹೊಟ್ಟೆ ಕೈಕೊಟ್ಟಿತು. ಕರುಳು ಹಿಂಡಿದಂತೆ ನೋವು, ಭೇದಿ, ಕಣ್ಣು ಕತ್ತಲೆ.

"ಹೊರಗೆ ಏನು ತಿಂದೆ? ನಿಜ ಹೇಳು!" ಅಕ್ಕ ಬಿಡಲಿಲ್ಲ.

ಆ ಡಬ್ಬಿಯೊಂದನ್ನು ಬಿಟ್ಟು ಅವಳು ಹೊರಗೆ ಏನೂ ತಿಂದಿರಲಿಲ್ಲ.

ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಕಪಾಟಿನ ಹಿಂದೆ ನಿಂತಳು. ಹೆಜ್ಜೆ ಸಪ್ಪಳ... ಅಂಟಿನವನು ಬಂದ. ಡಬ್ಬಿ ಇಟ್ಟ. ಆಮೇಲೆ ಅವಳ ಕುರ್ಚಿಯಲ್ಲಿ ಕೂತು, ಮೇಜಿಗೆ ಹಣೆ ಹಚ್ಚಿ, ತುಟಿಯಲ್ಲೇ ಯಾರೊಂದಿಗೋ ಮಾತಾಡತೊಡಗಿದ!

ಅವಳ ಜೀವ ಬಾಯಿಗೆ ಬಂತು. ಹಿಂದೆಯೇ ಸಿಟ್ಟೂ ಬಂತು.

"ನೀವೇನಾ?"

ಅವನು ಗಾಬರಿಯಿಂದ ಎದ್ದುನಿಂತ.

"ದಿನವಿಡೀ ಮೈದಾ ಕಲಸೋ ಕೈ ಇದು! ಈ ಕೈಯಲ್ಲೇ ಮಾಡಿ, ಗೋಧಿ ಇಲ್ಲ ಅಂತ ಬರೆದಿಡ್ತೀರಲ್ಲ! ನಿಮಗೆ ನಾನೇನು ಅನ್ಯಾಯ ಮಾಡಿದ್ದೆ? ನಾನು ಸಾಯೋದು ನೋಡೋಕೆ ಬಾಗಿಲಲ್ಲಿ ನಿಲ್ತೀರಾ?"

ಕೂಗಾಟ ಕೇಳಿ ಮೇಸ್ತ್ರಿ ಓಡಿಬಂದರು. ಅಂಟಿನವನು ತನ್ನ ಕೈಗಳನ್ನೇ ನೋಡಿಕೊಂಡ.

"ತೊಳ್ಕೊಂಡೇ ಮಾಡ್ತೀನಿ... ಬೇರೆ ಪಾತ್ರೇಲೇ ಮಾಡ್ತೀನಿ. ಆದ್ರೂ... ನನ್ನ ಕೈಯಿಂದಾನೇ ಇರಬಹುದು. ಆಗಲೂ ನನ್ನ ಕೈಯಿಂದಾನೇ ಆಗಿರಬಹುದು."

ಆಗಲೂ? ಯಾವಾಗ? ಅವಳು ಕೇಳುವ ಮೊದಲೇ ಅವನು ಹೊರಟಾಗಿತ್ತು. ಮರುದಿನದಿಂದ ರಜೆ ಹಾಕಿದ.

ಡಬ್ಬಿ ನಿಂತಿತು. ಕುರ್ಚಿ ತಣ್ಣಗಾಯಿತು. ಎಷ್ಟು ತಣ್ಣಗೆಂದರೆ ಕೂತರೆ ಎಲುಬಿಗೆ ತಾಗುತ್ತಿತ್ತು. ಪೀಡೆ ತೊಲಗಿತು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಮನಸ್ಸು ಕೇಳಬೇಕಲ್ಲ! ಬಾಗಿಲ ಸಂದಿ ಖಾಲಿಯಿದ್ದದ್ದು ಕಣ್ಣಿಗೆ ಚುಚ್ಚುತ್ತಿತ್ತು.

ನಾಲ್ಕನೇ ದಿನ ಮತ್ತೆ ಅದೇ ನೋವು!

ಡಬ್ಬಿಯೇ ಇಲ್ಲ. ತಿಂದದ್ದು ಅಕ್ಕ ಬೇಯಿಸಿದ ಅನ್ನ ಮಾತ್ರ. ಹಾಗಾದರೆ ಗೋಧಿ ಬರುತ್ತಿರುವುದು ಎಲ್ಲಿಂದ?

ಹೊಟ್ಟೆ ಹಿಡಿದುಕೊಂಡೇ ಮೇಜಿಗೆ ಬಾಗಿದಳು. ಮೇಸ್ತ್ರಿ ಕಲಸಿಟ್ಟ ಅಂಟನ್ನು ಪುಸ್ತಕದ ಬೆನ್ನಿಗೆ ಬೆರಳಿಂದ ಸವರಿದಳು. ಹೊಸ ದಾರ ಎಳೆದು, ಸೂಜಿಗೆ ಪೋಣಿಸಲು ತುದಿಯನ್ನು ತುಟಿಗಿಟ್ಟು ಒದ್ದೆ ಮಾಡಿದಳು.

ಕಿರ್‍ರ್...

ಮೇಜಿನ ಕೆಳಗಿನ ಡ್ರಾಯರ್ ತಾನಾಗಿ ಎರಡು ಬೆರಳಷ್ಟು ತೆರೆದುಕೊಂಡಿತು!

ಅದು ತೆರೆಯದ ಡ್ರಾಯರ್. ಮೇಸ್ತ್ರಿ ಸ್ಕ್ರೂಡ್ರೈವರ್ ಹಾಕಿ ಎಳೆದು ಸೋತು, ಅದರ ಜನ್ಮ ಜಾಲಾಡಿ ಬಿಟ್ಟದ್ದು.

ಅದನ್ನು ಪೂರ್ತಿ ಎಳೆದಳು. ಒಳಗೆ ಒಣಗಿದ ದಾರದ ಉಂಡೆ. ಅದರ ಮೇಲೊಂದು ಚೀಟಿ. ಅದೇ ಗುಂಡು ಅಕ್ಷರ:

'ಗೊತ್ತಾಯಿತು! ದಾರದ ತುದಿ ಬಾಯಿಗೆ ಇಡಬೇಡ. ಅಂಟು ಗೋಧಿಯದು.'

ದಾರ ಇನ್ನೂ ಅವಳ ತುಟಿಯಲ್ಲೇ ಇತ್ತು.

ಥೂ ಎಂದು ಉಗಿದಳು. ಊಟಕ್ಕೆ ಮುಂಚೆ ಉಜ್ಜಿ ಉಜ್ಜಿ ಕೈ ತೊಳೆಯುವವಳು ದಿನಕ್ಕೆ ಅದೆಷ್ಟು ಸಲ ಈ ಬೆರಳಲ್ಲಿ ಹಿಡಿದ ದಾರವನ್ನು ಬಾಯಿಗಿಟ್ಟಿದ್ದಳೋ! ಅಂಟು ತಿನ್ನುವ ವಸ್ತುವಲ್ಲವಲ್ಲ, ಅದರ ಮೇಲೆ ಅನುಮಾನವೇ ಬಂದಿರಲಿಲ್ಲ.

"ಮೇಸ್ತ್ರಿಗಳೇ! ಇದು ಯಾರ ಅಕ್ಷರ?"

ಮೇಸ್ತ್ರಿ ಚೀಟಿ ಹಿಡಿದು ಕುಸಿದು ಕೂತರು. "ದೊಡ್ಡಮ್ಮಂದು ಕಣಮ್ಮಾ. ಈ ಮೇಜಲ್ಲಿ ಹೊಲೀತಿದ್ದವಳು, ಎಲ್ರೂ ದೊಡ್ಡಮ್ಮ ಅಂತಿದ್ವಿ. ನಿನ್ನ ಹಾಗೇ ಹೊಟ್ಟೆನೋವು ಅಂತ ಒದ್ದಾಡ್ತಿದ್ಳು. ಸೊರಗಿ ಸೊರಗಿ, ಕೊನೆಗೆ ಒಂದು ಜ್ವರ ತಡ್ಕೊಳೋ ಶಕ್ತೀನೂ ಇಲ್ದೆ ಹೋಗ್ಬಿಟ್ಳು. ಎರಡು ವರ್ಷ ಆಯ್ತು."

"ಮತ್ತೆ... ನನ್ನ ಡಬ್ಬಿ ಮೇಲೆ ಅವರ ಅಕ್ಷರ ಹೇಗೆ..."

"ಅವು ಅವಳವೇ ಡಬ್ಬಿ; ತನಗೆ ತಾನೇ ಧೈರ್ಯ ಹೇಳ್ಕೊಳೋಕೆ ಚೀಟಿ ಬರೆದು ಅಂಟಿಸ್ಕೊಂಡಿದ್ಳು. ಅಂಟಿನವನು ಅವಳ ಮಗ. ಅವಳ ಅಡುಗೆ ಎಲ್ಲಾ ಅವನೇ ಮಾಡ್ತಿದ್ದ. ತನ್ನ ಹಿಟ್ಟಿನ ಕೈಯೇ ಅಮ್ಮನ್ನ ತಿಂತು ಅಂತ ಇವತ್ತಿಗೂ ಒಳಗೊಳಗೇ ಬೇಯ್ತಾನೆ. ನೀನು ಅದನ್ನೇ ಅವನ ಮುಖಕ್ಕೆ ಹೇಳ್ಬಿಟ್ಟೆ."

ಅಯ್ಯೋ! ನನ್ನ ನಾಲಿಗೆಗೆ ಏನು ಬಂದಿತ್ತು!

ಮೇಸ್ತ್ರಿಯಿಂದ ವಿಳಾಸ ಕೇಳಿಕೊಂಡು, ಚೀಟಿ ಹಿಡಿದು ಅವನ ಮನೆಗೆ ಓಡಿದಳು. ಬಾಗಿಲು ತೆರೆದೇ ಇತ್ತು. ಅಡುಗೆಮನೆಯ ಗೋಡೆಯುದ್ದಕ್ಕೂ ಪುಟ್ಟ ಪುಟ್ಟ ಡಬ್ಬಿಗಳು. ಎಲ್ಲದರ ಮೇಲೂ ಅದೇ ಹಳದಿ ಚೀಟಿ. ತೀರಿಕೊಂಡವಳು ಒಂದೇ ಸಮನೆ ಹೇಳುತ್ತಿದ್ದಳು: ಹೆದರದೆ ತಿನ್ನು, ಹೆದರದೆ ತಿನ್ನು...

ಒಲೆಯ ಮುಂದೆ ನಿಂತಿದ್ದವನು ತಿರುಗಿದ. "ನೀವು?"

"ನಿಮ್ಮ ಕೈಯಲ್ಲ!" ಅವಳು ಏದುಸಿರಲ್ಲೇ ಕೂಗಿದಳು. "ನಿಮ್ಮ ಅಡುಗೆಯೂ ಅಲ್ಲ! ಓದಿ..."

ಅವನು ಓದಿದ. ಮತ್ತೆ ಓದಿದ. ಗೋಡೆಗೊರಗಿ ನಿಧಾನಕ್ಕೆ ನೆಲಕ್ಕೆ ಜಾರಿದ. ಎರಡು ವರ್ಷ ಕಟ್ಟಿಕೊಂಡಿದ್ದ ಅಳು ಒಮ್ಮೆಲೇ ಒಡೆಯಿತು.

"ಅಮ್ಮನಿಗೆ ಗೊತ್ತಾಗಿತ್ತಾ? ದಾರ... ಬರೀ ದಾರ! ಪಾತ್ರೆ ಉಜ್ಜಿದ್ದು ಸಾಲ್ಲಿಲ್ಲ, ಕೈ ತೊಳೆದದ್ದು ಸಾಲ್ಲಿಲ್ಲ ಅಂತ ಎಷ್ಟು ಶಪಿಸ್ಕೊಂಡೆ ಗೊತ್ತಾ ನನ್ನನ್ನೇ..."

ಅವಳು ಪಕ್ಕದಲ್ಲೇ ನೆಲಕ್ಕೆ ಕೂತು ಆ ಕೈಗಳನ್ನು ಹಿಡಿದಳು. "ತಪ್ಪಾಯ್ತು. ಬಾಯಿಗೆ ಬಂದ ಹಾಗೆ ಮಾತಾಡ್ಬಿಟ್ಟೆ. ಆದ್ರೆ ನನ್ನ ಕಾಯಿಲೆ ನಿಮಗೆ ಹೇಗೆ ಗೊತ್ತಾಯ್ತು?"

"ಕೆಲಸ ಕೇಳ್ಕೊಂಡು ಬಂದ ದಿನ ಮೇಸ್ತ್ರಿ ಬಿಸ್ಕತ್ತು ಕೊಟ್ರು. ನೀವು ಪೊಟ್ಟಣ ತಿರುಗಿಸಿ ಸಣ್ಣಕ್ಷರ ಓದಿ, ಸುಮ್ಮನೆ ವಾಪಸ್ ಇಟ್ರಿ. ಅಮ್ಮನೂ ಹಾಗೇ ಓದ್ತಿದ್ದದ್ದು." ಅವನು ಕಣ್ಣೊರೆಸಿಕೊಂಡ. "ದಿನಾ ಬೆಳಿಗ್ಗೆ ಆ ಕುರ್ಚೀಲಿ ಕೂತು ಅಮ್ಮನಿಗೆ ಹೇಳ್ತಿದ್ದೆ, ಈ ಹುಡುಗೀನಾದ್ರೂ ಉಳಿಸ್ಕೊಡು ಅಂತ. ಬಾಗಿಲಲ್ಲಿ ನಿಲ್ತಿದ್ದದ್ದು ನೀವು ತಿಂದ್ರಾ ಅಂತ ನೋಡೋಕೆ. ಆಮೇಲಾಮೇಲೆ... ಬರೀ ನೋಡೋಕೆ."

ಅವಳ ಕೆನ್ನೆ ಬಿಸಿಯಾಯಿತು. "ಒಲೆ ಮೇಲೆ ಏನದು?"

"ಅಕ್ಕಿ ಹಿಟ್ಟಿನ ಅಂಟು. ನನ್ನ ಕೈಗೆ ಮೈದಾನೇ ಬೇಡ ಅನ್ನಿಸ್ತು. ಮೂರು ಸಲ ಕೆಟ್ಟಿದೆ. ಇದು ನಿಂತ್ರೆ ಪುಸ್ತಕಾನೂ ನಿಲ್ಲುತ್ತೆ, ನೀವೂ..."

"ನಾನೂ?"

"ನೀನೂ ನಿಲ್ತೀಯ. ಇಲ್ಲೇ. ನನ್ನ ಜೊತೆ."

ಅವಳು ಸೌಟಿನ ತುದಿಯಿಂದ ಒಂದು ತೊಟ್ಟು ಬೆರಳಿಗೆ ತೆಗೆದು ನೆಕ್ಕಿಯೇಬಿಟ್ಟಳು. "ಉಪ್ಪಿಲ್ಲ," ಎಂದಳು. "ಆದ್ರೂ ಒಪ್ಪಿಗೆ!"

ಅವನು ಅಳುತ್ತಲೇ ನಕ್ಕ.

ಅಕ್ಕಿ ಅಂಟು ಕೈಗೂಡಲು ಇನ್ನೂ ಒಂದು ವಾರ ಹಿಡಿಯಿತು. ಗಟ್ಟಿ ನಿಂತ ದಿನ ಇಬ್ಬರೂ ಬೀದಿಯ ತಿರುವಿನಲ್ಲಿ ಕೂಡಿ, ಒಟ್ಟಿಗೇ ಕೆಲಸಕ್ಕೆ ಬಂದರು. ನೆಲಮಾಳಿಗೆಯ ಬೀಗ ತೆಗೆದವರೂ ಅವರೇ. ಅವನು ಬಟ್ಟಲಿಗೆ ಹೊಸ ಅಂಟು ಸುರಿದ. ಅವಳು ಕುರ್ಚಿಯಲ್ಲಿ ಕೂತಳು...

ಕೂತವಳು ತಟ್ಟನೆ ಎದ್ದಳು.

"ಬೆಳಿಗ್ಗೆ ನೀನು ಇಲ್ಲಿ ಬಂದು ಕೂತಿದ್ದೆಯಾ?"

"ಇಲ್ವಲ್ಲ. ನಿನ್ನ ಜೊತೇನೇ ತಾನೇ ಬಂದದ್ದು?"

"ಹಾಗಾದ್ರೆ... ಕುರ್ಚಿ ಬೆಚ್ಚಗಿದೆ."

ಅವನು ಅಂಗೈ ಇಟ್ಟು ನೋಡಿದ. ಬಹಳ ಹೊತ್ತು ಕೈ ತೆಗೆಯಲಿಲ್ಲ.

"ಹೆದರಿಕೆ ಆಗ್ತಿದೆಯಾ?" ಎಂದ ಮೆಲ್ಲಗೆ.

"ಇಲ್ಲ," ಎಂದು ಅವಳು ಅವನ ಕೈ ಹಿಡಿದಳು. "ನಿನಗೆ?"

"ಇಲ್ಲ. ಕೂತ್ಕೋ... ಬಿಸಿ ಆರೋದ್ರೊಳಗೆ."